ಹೆಲಿಕಾಪ್ಟರ್ ಮದ್ದು ಬಿದ್ದ ಊರಿನಿಂದ ಒಂದು ಪ್ರಶ್ನೆ: ಸರ್ಕಾರ ವಿಜ್ಞಾನದ ಮಾತನ್ನು ಯಾವಾಗ ಕೇಳಬೇಕು?

ಕುಂಬಳೆಯ ಸೈನ್ಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಚರ್ಚೆಗೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ಸರ್ಕಾರದ ತೀರ್ಮಾನಗಳು ಇನ್ನು ಮುಂದೆ ವಿಜ್ಞಾನದ ಆಧಾರದ ಮೇಲೆ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಕಾಸರಗೋಡಿನವರಾದ ನಾವು ಇದಕ್ಕೆ ಸುಮ್ನೆ ತಲೆಯಾಡಿಸಿದರೆ ಸಾಲದು. ನಮ್ಮ ಗುಡ್ಡೆಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಕೂಡ ವಿಜ್ಞಾನದ ಹೆಸರಿನಲ್ಲೇ. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆಗೆ ಇದು ಒಳ್ಳೆಯ ಮದ್ದು ಎಂಬ ಶಿಫಾರಸು ಇತ್ತು. ಕೀಟದ ಮಟ್ಟಿಗೆ ಅದು ಸುಳ್ಳೂ ಅಲ್ಲ.

1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಎಂಬ ಸರ್ಕಾರಿ ಕಂಪೆನಿಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಅದನ್ನು ಬಿಟ್ಟರು. ಪಡ್ರೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಪೆರಿಯ, ಚೀಮೇನಿ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ಪಾಠ ಮಾಡುವಾಗ ನನ್ನನ್ನು ಕಾಡುವುದು ಬೇರೆ ವಿಷಯ. ಏನೋ ಸರಿ ಇಲ್ಲ ಎಂಬ ಸುಳಿವು ನಮಗೆ ತುಂಬ ಬೇಗ ಸಿಕ್ಕಿತ್ತು. ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿದ್ದುದನ್ನು ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಗಮನಿಸಿ ಬರೆದಿದ್ದರು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಇಷ್ಟು ಚಿಕ್ಕ ಊರಿಗೆ ಹೊಂದದಷ್ಟು ಕಾಯಿಲೆಗಳನ್ನು ಕಂಡು ವೈದ್ಯರ ಗಮನಕ್ಕೆ ತಂದರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ತಡೆ ತಂದರು.

ಒಬ್ಬರು ಕೃಷಿಕ ಪತ್ರಕರ್ತ, ಒಬ್ಬರು ಹಳ್ಳಿ ಡಾಕ್ಟರ್, ಒಬ್ಬರು ಕೃಷಿ ಇಲಾಖೆಯ ನೌಕರೆ. ಇವರ ಕೈಯಲ್ಲಿ ಲ್ಯಾಬ್ ಇರಲಿಲ್ಲ. ನೋಡಿದ್ದನ್ನು ಬರೆದಿಟ್ಟರು, ಹೋಲಿಸಿದರು, ಪ್ರಶ್ನೆ ಕೇಳಿದರು. ವಿಜ್ಞಾನ ಶುರುವಾಗುವುದೇ ಹಾಗೆ ಅಲ್ವಾ? ಆದರೂ ಮೊದಲ ಸುಳಿವಿನಿಂದ ಸಿಂಪಡಣೆ ನಿಲ್ಲುವವರೆಗೆ ಇಪ್ಪತ್ತು ವರ್ಷ ಹೋಯಿತು.

ನನಗೆ ಅನಿಸುವುದು ಇಷ್ಟು. ಅನುಮತಿ ಕೊಡುವಾಗ ಟೀ ಸೊಳ್ಳೆಯ ಬಗ್ಗೆ ಅಧ್ಯಯನ ಇತ್ತು. ಬಾವಿ ನೀರಿನ ಬಗ್ಗೆ, ಹಾಲಿನ ಬಗ್ಗೆ, ಹುಟ್ಟುವ ಮಕ್ಕಳ ಬಗ್ಗೆ ಮೊದಲೂ ಲೆಕ್ಕ ಇಡಲಿಲ್ಲ, ನಂತರವೂ ಇಡಲಿಲ್ಲ. ಅಪಾಯ ಇಲ್ಲ ಎಂದು ಮದ್ದು ಬಿಡುವವರು ತೋರಿಸಬೇಕಿತ್ತು. ಅದರ ಬದಲು ಅಪಾಯ ಇದೆ ಎಂದು ಹಾಸಿಗೆ ಹಿಡಿದ ಮಗುವಿನ ತಾಯಿ ತೋರಿಸಬೇಕಾಯಿತು. ಮುಂದೆ ಬರುವ ನೀತಿಗಳಲ್ಲಿ ಮೊದಲು ಬದಲಾಗಬೇಕಾದ್ದು ಇದು ಎಂದು ನನ್ನ ಅಭಿಪ್ರಾಯ. ನಿಮಗೆ ಏನನಿಸುತ್ತದೆ?

ಪೆರ್ಲದ ಕೃಷಿಕ:

ಟೀಚರೇ, ಒಳ್ಳೆಯ ವಿಷಯ ಎತ್ತಿದ್ದೀರಿ.

ಆಗ ಮದ್ದು ಬಿಡುವ ದಿನ ಬಾವಿಗೆ ಮುಚ್ಚಿಗೆ ಹಾಕಿ, ದನ ಹೊರಗೆ ಬಿಡಬೇಡಿ ಅಂತ ಹೇಳುತ್ತಿದ್ದರು. ಬಾವಿಗೆ ಸೋಗೆ ಮುಚ್ಚಬಹುದು. ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗಕ್ಕೆ ಏನು ಮುಚ್ಚುವುದು? ನಮ್ಮಲ್ಲಿ ಕುಡಿಯುವ ನೀರು ಬರುವುದು ಗುಡ್ಡೆಯ ಹೊಟ್ಟೆಯೊಳಗಿಂದ. ಆ ಗುಡ್ಡೆಯ ತಲೆ ಮೇಲೆಯೇ ಗೇರು ತೋಟ. ಮಳೆಗಾಲದಲ್ಲಿ ಮೇಲಿನ ನೀರು ಇಂಗಿ ಕೆಳಗೆ ಬರಲೇಬೇಕು. ತೋಡು ಹರಿಯುವುದೂ ಅಲ್ಲಿಂದಲೇ. ಕಟ್ಟ ಕಟ್ಟಿ ನೀರು ನಿಲ್ಲಿಸುವುದೂ ಅದೇ ತೋಡಿಗೆ.

ಇನ್ನೊಂದು, ಹೆಲಿಕಾಪ್ಟರ್ ಮರದ ತಲೆಗೆ ಹತ್ತಿರ ಹಾರಿದರೆ ಮಾತ್ರ ಮದ್ದು ಮರಕ್ಕೆ ಬೀಳುತ್ತದೆ. ನಮ್ಮದು ಏರು ತಗ್ಗಿನ ನೆಲ, ಹಾಗೆ ಹಾರುವುದು ಹೇಗೆ? ಎತ್ತರದಿಂದ ಬಿಟ್ಟದ್ದು ಗಾಳಿ ಹೋದ ಕಡೆ ಹೋಗುತ್ತದೆ.

ಇದನ್ನು ಹೇಳಲು ಡಿಗ್ರಿ ಬೇಕಾಗಿಲ್ಲ. ನೆಲ ನೋಡಿದ ಯಾರಿಗೂ ತಿಳಿಯುತ್ತದೆ. ಸಮತಟ್ಟು ಊರಿಗೆ ಮಾಡಿದ ನಿಯಮವನ್ನು ಇಲ್ಲಿಗೆ ಹಾಕುವ ಮೊದಲು ಯಾರಾದರೂ ಬಂದು ನೋಡಬೇಕಿತ್ತು. ಊರಿನವರನ್ನು ಕೇಳಬೇಕಿತ್ತು.

ಆಮೇಲೆ ಈ ಕಾಯಿಲೆಗಳಿಗೂ ಮದ್ದಿಗೂ ಸಂಬಂಧ ಇದೆಯೇ ಎಂದು ನೋಡಲು ಸಮಿತಿಗಳು ಬಂದವು. ಅಚ್ಯುತನ್ ಸಮಿತಿ, ದುಬೆ ಸಮಿತಿ, ಮಾಯಿ ಸಮಿತಿ. ಒಬ್ಬರು ಹೌದು ಅಂದರು, ಇನ್ನೊಬ್ಬರು ಸಂಬಂಧ ಸಾಬೀತಾಗಿಲ್ಲ ಅಂದರು. ಓದಿದವರೇ ಹೀಗೆ ಬೇರೆ ಬೇರೆ ಹೇಳಿದರೆ ನಾವು ಯಾರನ್ನು ನಂಬುವುದು?

ಉಪ್ಪಳದ ಹುಡುಗಿ, ಈಗ ಬೆಂಗಳೂರು:

ಅಣ್ಣ, ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಸಾರ್ವಜನಿಕ ಆರೋಗ್ಯದ ಅಂಕಿಅಂಶ ಓದುತ್ತಿರುವವಳು.

ಎಂಡೋಸಲ್ಫಾನ್ ದೇಹದಲ್ಲಿ ವರ್ಷಗಟ್ಟಲೆ ಕೂರುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಕೆಲವು ದಿನ, ವಾರಗಳಲ್ಲೇ ಇಳಿದುಹೋಗುತ್ತದೆ. ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತದೆ. ಅದೂ ವಿಷವೇ, ಮೂಲ ರಾಸಾಯನಿಕಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ಯಾವಾಗ ಸ್ಯಾಂಪಲ್ ತೆಗೆದರು, ಎಲ್ಲಿಂದ ತೆಗೆದರು, ಮದ್ದು ಬಿಟ್ಟು ಎಷ್ಟು ದಿನ ಆಗಿತ್ತು, ಯಾವ ರೂಪವನ್ನು ಹುಡುಕಿದರು, ಇದರ ಮೇಲೆ ಉತ್ತರ ಬದಲಾಗುತ್ತದೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಸ್ಯಾಂಪಲ್‌ಗಳಲ್ಲಿ ಎಂಡೋಸಲ್ಫಾನ್ ಕಂಡಿತು. ಅದೇ ವರ್ಷ ಇನ್ನೊಂದು ಸಂಸ್ಥೆಯ ಪರೀಕ್ಷೆ ಬೇರೆಯೇ ಉತ್ತರ ಕೊಟ್ಟಿತು. ಜನರಿಗೆ ಇದು ಗೊಂದಲ, ಆದರೆ ಆಶ್ಚರ್ಯ ಏನಿಲ್ಲ.

ನನ್ನ ಮಟ್ಟಿಗೆ ತುಂಬ ಮುಖ್ಯವಾದ ಅಧ್ಯಯನ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದ್ದು. ಅವರು ಎರಡು ಗುಂಪು ಮಾಡಿದರು. ಗೇರು ಗುಡ್ಡೆಯ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರು ಒಂದು ಕಡೆ, ಮದ್ದು ಬೀಳದ ಕಡೆಯ 90 ಹುಡುಗರು ಇನ್ನೊಂದು ಕಡೆ. ಮದ್ದು ಬಿದ್ದ ಊರಿನ ಹುಡುಗರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿದ್ದವು, ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೋಲಿಸಲು ಇನ್ನೊಂದು ಗುಂಪು ಇತ್ತು ಎಂಬುದೇ ಅದರ ಬಲ. ಬರೀ ಕಾಯಿಲೆಯವರನ್ನು ಎಣಿಸುತ್ತಾ ಹೋದರೆ ಕಾರಣ ಗೊತ್ತಾಗುವುದಿಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಜಿಲ್ಲೆಯ ಸಂತ್ರಸ್ತರ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಬಂದದ್ದೇ? ಒಬ್ಬೊಬ್ಬರಿಗೂ ಇದನ್ನು ಖಚಿತವಾಗಿ ಹೇಳಲು ಯಾವ ವಿಜ್ಞಾನಕ್ಕೂ ಆಗುವುದಿಲ್ಲ. ಕೆಲವು ಕೃಷಿ ವಿಜ್ಞಾನಿಗಳು ಈಗಲೂ ಈ ಸಂಬಂಧವನ್ನು ಪ್ರಶ್ನಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಅವರ ವಾದದಲ್ಲಿ ಒಂದು ಕೊರತೆ ಇದೆ. ಸಾಕ್ಷ್ಯ ಸಿಗಬೇಕಾದ ಕಾಲದಲ್ಲಿ ಸರ್ಕಾರ ಹುಡುಕಲೇ ಇಲ್ಲ. ಇಪ್ಪತ್ತು ವರ್ಷ ರಕ್ತ, ನೀರು, ಎದೆಹಾಲು, ಹೆರಿಗೆಯ ಲೆಕ್ಕ ಯಾವುದನ್ನೂ ಕ್ರಮವಾಗಿ ನೋಡದೆ, ಎಲ್ಲ ಇಳಿದುಹೋದ ಮೇಲೆ ಬಂದು ಸಾಕ್ಷ್ಯ ಸಾಲದು ಎಂದರೆ ಅದು ನ್ಯಾಯವಲ್ಲ. ಹುಡುಕದೆ ಸಿಗಲಿಲ್ಲ ಎನ್ನುವುದು ಬೇರೆ, ಹುಡುಕಿ ಸಿಗಲಿಲ್ಲ ಎನ್ನುವುದು ಬೇರೆ. ನೀತಿ ಮಾಡುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಅದಕ್ಕೇ ಪರಿಹಾರ ಕೊಡಲು ಒಬ್ಬೊಬ್ಬರ ಕಾಯಿಲೆಯ ಕಾರಣ ಸಾಬೀತಾಗಬೇಕು ಎಂಬ ಷರತ್ತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಇಡದೆ ಹೋದದ್ದು ಸರ್ಕಾರ. ಅನುಮಾನದ ಲಾಭ ಜನರಿಗೆ ಸಿಗಬೇಕು.

ಮಂಜೇಶ್ವರದ ಓದುಗ:

ಕೊನೆಗೆ ತೀರ್ಮಾನ ಮಾಡಿದ್ದು ವಿಜ್ಞಾನಿಗಳಲ್ಲ, ಕೋರ್ಟು. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಅದಕ್ಕೆ ಸ್ವಲ್ಪ ಮೊದಲು, ಏಪ್ರಿಲ್‌ನಲ್ಲಿ, ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದವು. 2017ರ ಜನವರಿಯಲ್ಲಿ ಅದೇ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಮತ್ತೆ ನೋಡಿದಾಗ ಬಹುಪಾಲು ಜನರಿಗೆ ದುಡ್ಡು ಸಿಕ್ಕಿರಲಿಲ್ಲ, ಕೋರ್ಟ್ ಮತ್ತೆ ಗದರಬೇಕಾಯಿತು. ವಿಜ್ಞಾನ ಎಷ್ಟು ಒಳ್ಳೆಯದಾದರೂ ಆಡಳಿತಕ್ಕೆ ಮನಸ್ಸಿಲ್ಲದಿದ್ದರೆ ಏನು ಮಾಡುವುದು?

ಇನ್ನೊಂದು ಕೇಳುತ್ತೇನೆ, ಯಾರೂ ಬೇಸರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಜಿಲ್ಲೆ ಬದುಕುವುದೇ ಅಡಿಕೆಯಲ್ಲಿ. ವಿಜ್ಞಾನ ಹೇಳಿದಂತೆ ನೀತಿ ಆಗಲಿ ಎನ್ನುವ ನಾವು ಅಲ್ಲಿ ಏನು ಹೇಳುತ್ತೇವೆ?

ಪೆರ್ಲದ ಕೃಷಿಕ:

ಓದುಗರೇ, ನೀವು ಕೇಳಿದ್ದು ಸರಿಯಾಗಿಯೇ ಇದೆ, ಬೇಸರ ಇಲ್ಲ. ಆದರೆ ಉತ್ತರ ಸುಲಭ ಅಲ್ಲ.

ನನ್ನ ಅಪ್ಪ ಅಡಿಕೆಯಲ್ಲೇ ನಮ್ಮನ್ನು ಓದಿಸಿದರು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಆಗುವ ಮೊದಲು ಬೆಲೆ ಬಿದ್ದಾಗ ಇಲ್ಲಿನ ಮನೆಗಳ ಸ್ಥಿತಿ ಹೇಗಿತ್ತು ಎಂದು ಹಿರಿಯರನ್ನು ಕೇಳಿ ನೋಡಿ. ಅಡಿಕೆಗೆ ನಿಷೇಧ ಎಂಬ ಸುದ್ದಿ ಹಬ್ಬಿದಾಗಲೆಲ್ಲ ನಮ್ಮ ಎದೆ ಒಡೆಯುತ್ತದೆ. ನಾವು ಬೆಳೆಯುವುದು ಅಡಿಕೆ. ಗುಟ್ಕಾ ಮಾಡುವವರು, ತಂಬಾಕು ಸೇರಿಸುವವರು ಬೇರೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿ ತೂಗುವುದು ಸರಿಯೇ?

ಕುಂಬಳೆಯ ಸೈನ್ಸ್ ಟೀಚರ್:

ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ನನ್ನ ತವರು ಮನೆಯದೂ ಅಡಿಕೆ ತೋಟವೇ. ಆದರೂ ನಾನು ಹೇಳಲೇಬೇಕು. ತಂಬಾಕು ಇಲ್ಲದ ಅಡಿಕೆಯನ್ನೂ ಆ ಸಂಸ್ಥೆ ಅದೇ ಗುಂಪಿಗೆ ಸೇರಿಸಿದೆ. ಎಂಡೋಸಲ್ಫಾನಿಗೆ ಒಂದು ಅಳತೆ, ಅಡಿಕೆಗೆ ಇನ್ನೊಂದು ಅಳತೆ ಹಿಡಿದರೆ ಪಡ್ರೆಯ ತಾಯಂದಿರ ಎದುರು ನಾವು ನಿಲ್ಲುವುದು ಹೇಗೆ?

ಒಂದು ವಿವರ ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಆ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದು ಎಷ್ಟು ಅಗಿಯುತ್ತಾರೆ, ಎಷ್ಟು ವರ್ಷ ಅಗಿಯುತ್ತಾರೆ ಎಂಬುದರ ಮೇಲೆ ಇದೆ. ಹಾಗಂತ ಅದು ಸಣ್ಣದೂ ಅಲ್ಲ. 2024ರಲ್ಲಿ ಬಂದ ಒಂದು ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1 ಲಕ್ಷ 20 ಸಾವಿರ.

ಅಪಾಯ ಇದೆ ಎಂದು ಹೇಳುವುದು ವಿಜ್ಞಾನದ ಕೆಲಸ. ಆ ನಂತರ ಏನು ಮಾಡಬೇಕು ಎಂಬುದನ್ನು ವಿಜ್ಞಾನ ಒಂದೇ ಹೇಳಲಾರದು. ನಾಳೆಯೇ ತೋಟ ಕಡಿಯಿರಿ ಎನ್ನುವುದೂ ನೀತಿ. ಅಗಿಯುವ ಚಟ ಬಿಡಿಸಲು ದುಡ್ಡು ಹಾಕುವುದು, ಬಾಯಿ ಕ್ಯಾನ್ಸರ್ ಬೇಗ ಪತ್ತೆಯಾಗುವಂತೆ ಊರೂರಿನಲ್ಲಿ ತಪಾಸಣೆ ಮಾಡುವುದು, ಕೃಷಿಕರಿಗೆ ಬೇರೆ ಬೆಳೆಗೆ ಹೋಗಲು ಹತ್ತು ಹದಿನೈದು ವರ್ಷದ ಆಸರೆ ಕೊಡುವುದು, ಅದೂ ನೀತಿಯೇ. ಎರಡರಲ್ಲಿ ಯಾವುದು ನ್ಯಾಯ ಎಂಬುದು ನಾವೆಲ್ಲ ಕೂತು ಮಾತಾಡಬೇಕಾದ ವಿಷಯ. ಲ್ಯಾಬಿನಲ್ಲಿ ಅದು ತೀರ್ಮಾನವಾಗುವುದಿಲ್ಲ. ನಮ್ಮ ಪೇಟೆಯಲ್ಲೇ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಡಿಕೆ, ತೆಂಗು, ಕೊಕ್ಕೋ ಅವರ ಕೆಲಸವೇ. ಅಡಿಕೆಯ ನಂತರ ಏನು ಎಂಬ ಪ್ರಶ್ನೆಯನ್ನು ನಾವೇ ಮುಂದೆ ಹೋಗಿ ಅವರ ಹತ್ತಿರ ಕೇಳಬೇಕು. ಬೇರೆಯವರು ನಮ್ಮ ತಲೆ ಮೇಲೆ ತೀರ್ಮಾನ ಹಾಕುವ ತನಕ ಕಾಯಬಾರದು.

ಪೆರ್ಲದ ಕೃಷಿಕ:

ಅಡಿಕೆಯ ನಡುವೆ ಕೊಕ್ಕೋ, ಕಾಳುಮೆಣಸು ಹಾಕಿದ್ದೇನೆ. ಅದರಲ್ಲಿ ಅಡಿಕೆಯಷ್ಟು ಬರುವುದಿಲ್ಲ. ನೀವು ಹೇಳಿದ ಆ ಹತ್ತು ಹದಿನೈದು ವರ್ಷದ ಆಸರೆಯ ಮಾತನ್ನು ಯಾರಾದರೂ ಕಾಗದದಲ್ಲಿ ಬರೆದು ಕೊಟ್ಟರೆ ನಾನು ಕೂತು ಮಾತಾಡಲು ತಯಾರಿದ್ದೇನೆ. ಬರೀ ಬೆದರಿಕೆಯಾದರೆ ಇಲ್ಲ.

ಮುಳ್ಳೇರಿಯದ ಮಾಜಿ ಮೆಂಬರ್:

ಪಂಚಾಯತಿನಲ್ಲಿ ಕೂತು ಬಂದವನಾಗಿ ಎರಡು ಮಾತು.

ಆಡಳಿತಕ್ಕೆ ಮನಸ್ಸಿದ್ದರೆ ವಿಜ್ಞಾನ ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಕಡೆ ನಿಪಾ ಬಂದಾಗ ಅಲ್ಲಿನ ವೈದ್ಯರಿಗೆ ಸಂಶಯ ಬಂತು. ಸ್ಯಾಂಪಲ್ ಮಣಿಪಾಲದ ವೈರಸ್ ಲ್ಯಾಬಿಗೆ ಹೋಯಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತ ಮಾಡಿತು. ಎಲ್ಲ ಕೆಲವೇ ದಿನಗಳಲ್ಲಿ. ಸರ್ಕಾರ ತಡ ಮಾಡದೆ ಸಂಪರ್ಕದಲ್ಲಿದ್ದವರನ್ನು ಹುಡುಕಿ ನಿಗಾದಲ್ಲಿ ಇಟ್ಟಿತು. ಸಂಶಯ ಪಟ್ಟ ಡಾಕ್ಟರ ಮಾತಿಗೆ ಬೆಲೆ ಸಿಕ್ಕಿತು. ವಾಣಿನಗರದ ಡಾಕ್ಟರಿಗೆ ಆ ಬೆಲೆ ಸಿಕ್ಕಿದ್ದರೆ ಎಷ್ಟು ಮಕ್ಕಳ ಬದುಕು ಬೇರೆಯಾಗುತ್ತಿತ್ತೋ.

ಇನ್ನೂ ಹಿಂದೆ ಹೋದರೆ ಪಾಲಕ್ಕಾಡಿನ ಸೈಲೆಂಟ್ ವ್ಯಾಲಿ ಕಾಡು. ಅಲ್ಲಿ ಅಣೆಕಟ್ಟು ಕಟ್ಟುವ ಯೋಜನೆಯನ್ನು, ವಿಜ್ಞಾನವನ್ನು ಜನರಿಗೆ ತಲುಪಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಬರೀ ಭಾವನೆಯಿಂದ ವಿರೋಧಿಸಲಿಲ್ಲ. ವಿದ್ಯುತ್ತಿನ ಲೆಕ್ಕ, ಕಾಡಿನ ಲೆಕ್ಕ ಎರಡನ್ನೂ ಜನರ ಮುಂದೆ ಇಟ್ಟರು. ಊರೂರು ತಿರುಗಿ ಜನರ ಮಾತಿನಲ್ಲಿ ಹೇಳಿದರು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮಲ್ಲಿ ಆಗದೆ ಇರುವುದು ಇದೇ. ಪಂಚಾಯತಿಗೆ ವರದಿ ಬರುತ್ತದೆ. ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ವಾರ್ಡಿನವರ ಮುಂದೆ ಅದನ್ನು ಓದಿ ಮುಗಿಸಿ, ಗ್ರಾಮಸಭೆಯ ಒಪ್ಪಿಗೆ ಆಯಿತು ಎಂದು ಬರೆದುಕೊಂಡರೆ ಅದು ಒಪ್ಪಿಗೆಯೇ? ಸರ್ಕಾರದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನು ನಮಗೆ ಕೊಟ್ಟಿದೆ. ಅರ್ಜಿ ಬರೆಯಲು ಅದನ್ನು ಬಳಸುತ್ತೇವೆ. ನೀರಿನ ವರದಿ, ಆರೋಗ್ಯದ ವರದಿ ಕನ್ನಡದಲ್ಲಿ ಕೊಡಿ ಎಂದು ಅದೇ ಬಲದಿಂದ ಕೇಳಬೇಕು.

ಕೊರೊನಾ ಕಾಲದ್ದೂ ನೆನಪಿರಲಿ. 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು. ಸೋಂಕು ತಡೆಯುವುದು ಅವರ ಲೆಕ್ಕ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಹೃದಯದ ರೋಗಿ, ಡಯಾಲಿಸಿಸಿನ ರೋಗಿ ಎಲ್ಲಿಗೆ ಹೋಗಬೇಕು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ದಾರಿ ಸಿಗದೆ ಜನ ಸತ್ತರು. ಒಂದೇ ಅಪಾಯವನ್ನು ಅಳೆದು ಉಳಿದದ್ದನ್ನು ಬಿಟ್ಟರೆ ಹೀಗೇ ಆಗುವುದು.

ಎಣ್ಮಕಜೆಯ ಆಶಾ ಕಾರ್ಯಕರ್ತೆ:

ನಾನು ಹೆಚ್ಚು ಓದಿದವಳಲ್ಲ. ಆದರೆ ಲೆಕ್ಕದ ಬಗ್ಗೆ ಹೇಳಬಹುದು.

ನಮ್ಮ ವಾರ್ಡಿನಲ್ಲಿ ಯಾರು ಬಸುರಿ, ಯಾರಿಗೆ ಹೆರಿಗೆ ಆಯಿತು, ಮಗುವಿನ ತೂಕ ಎಷ್ಟು, ಯಾರಿಗೆ ಬಿಪಿ, ಯಾರಿಗೆ ಸಕ್ಕರೆ ಎಲ್ಲ ನಾವು ಬರೆಯುತ್ತೇವೆ. ಮನೆಮನೆಗೆ ಹೋಗಿ ಬರೆಯುತ್ತೇವೆ. ಬರೆದದ್ದು ಮೇಲೆ ಹೋಗುತ್ತದೆ. ಕೆಳಗೆ ಏನೂ ಬರುವುದಿಲ್ಲ. ಪಕ್ಕದ ಪಂಚಾಯತಿಗಿಂತ ನಮ್ಮಲ್ಲಿ ಗರ್ಭಪಾತ ಜಾಸ್ತಿಯೋ ಕಡಿಮೆಯೋ ಎಂದು ಯಾರೂ ನಮಗೆ ಹೇಳಿದ್ದಿಲ್ಲ. ಹೇಳಿದರೆ ನಮಗೂ ಕಣ್ಣು ಇರುತ್ತದೆ. ಏನಾದರೂ ಬದಲಾದರೆ ಮೊದಲು ಕಾಣುವುದು ನಮಗೇ.

ಹಾಸಿಗೆಯಲ್ಲೇ ಇರುವ ಮಕ್ಕಳ ಮನೆಗೆ ಹೋದರೆ ಅಮ್ಮಂದಿರು ಈಗ ಎಂಡೋಸಲ್ಫಾನಿನ ಬಗ್ಗೆ ಕೇಳುವುದಿಲ್ಲ. ನನ್ನ ನಂತರ ಇವನನ್ನು ನೋಡುವವರು ಯಾರು ಎಂದು ಕೇಳುತ್ತಾರೆ. ವಿಜ್ಞಾನಿಗಳು ಅದಕ್ಕೂ ಒಂದು ದಾರಿ ಹುಡುಕಲಿ.

ಉಪ್ಪಳದ ಹುಡುಗಿ, ಈಗ ಬೆಂಗಳೂರು:

ಅಕ್ಕ, ಕ್ಲಾಸಿನಲ್ಲಿ ನಾವು ವಾರಗಟ್ಟಲೆ ಓದುವುದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿದ್ದೀರಿ. ಒಂದೇ ಪಂಚಾಯತಿನ ಒಂದೇ ವರ್ಷದ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಅದು ಏರುತ್ತಾ ಇಳಿಯುತ್ತಾ ಇರುತ್ತದೆ. ಹತ್ತು ವರ್ಷದ್ದು, ಅಕ್ಕಪಕ್ಕದ ಪಂಚಾಯತಿನದ್ದು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಹೆಸರು, ಮನೆ ನಂಬರ್ ತೆಗೆದು, ಯಾರ ಗುಟ್ಟೂ ಹೊರಗೆ ಹೋಗದ ಹಾಗೆ ಅದನ್ನು ಪಂಚಾಯತಿಗೆ ವಾಪಸ್ ಕೊಡಬೇಕು. ತಾಂತ್ರಿಕವಾಗಿ ಇದು ದೊಡ್ಡ ಕೆಲಸವಲ್ಲ.

ಇನ್ನೊಂದು ತುರ್ತು ವಿಷಯ. ಈಗ ಡ್ರೋನಿನಿಂದ ಮದ್ದು ಬಿಡುವುದು ಬಂದಿದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಅದಕ್ಕೆ ಕಾರ್ಯವಿಧಾನ ಪ್ರಕಟಿಸಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮರ ಹತ್ತುವ ಜನ ಸಿಗುವುದಿಲ್ಲ, ಡ್ರೋನಿನ ಆಸೆ ಸಹಜ. ನಾನು ಬೇಡ ಅನ್ನುವುದಿಲ್ಲ. ಆದರೆ ಮತ್ತೆ ಆಕಾಶದಿಂದ ಮದ್ದು ಬೀಳುವ ಮೊದಲು, ಈ ಸಲ ನೀರಿನ ಲೆಕ್ಕ ಮೊದಲು ಇರಬೇಕು.

ಪೆರ್ಲದ ಕೃಷಿಕ:

ನಾನು ಈಗ ಕಾರ್ಬನ್ ಫೈಬರಿನ ಉದ್ದ ದೋಟಿಯಲ್ಲಿ ನೆಲದಿಂದಲೇ ಮದ್ದು ಬಿಡಿಸುತ್ತಿದ್ದೇನೆ. ಡ್ರೋನ್ ತರುವ ಆಲೋಚನೆ ನಮ್ಮ ಕಡೆ ಕೆಲವರಿಗೆ ಇದೆ. ಬರಲಿ, ಆದರೆ ಸುರಂಗದ ಮೇಲಿನ ಗುಡ್ಡೆಯಲ್ಲಿ ಎಲ್ಲಿವರೆಗೆ ಹಾರಬಹುದು ಎಂದು ಗೆರೆ ಹಾಕುವಾಗ ನಮ್ಮನ್ನು ಕರೆಯಬೇಕು. ಯಾವ ಸುರಂಗಕ್ಕೆ ಎಲ್ಲಿಂದ ಒರತೆ ಎಂದು ಸುರಂಗ ತೋಡಿದವರ ಮನೆಯವರಿಗೆ ಗೊತ್ತು.

ಮುಳ್ಳೇರಿಯದ ಮಾಜಿ ಮೆಂಬರ್:

ಹಾಗಾದರೆ ಮುಂದಿನ ಗ್ರಾಮಸಭೆಗೆ ಮೂರು ಬೇಡಿಕೆ ಬರೆದು ಕೊಡೋಣ. ಡ್ರೋನ್ ಹಾರುವ ಮೊದಲು ಸುರಂಗ, ಬಾವಿ, ತೋಡುಗಳ ನೀರಿನ ಪರೀಕ್ಷೆ ಆಗಬೇಕು, ಮತ್ತೆ ವರ್ಷಕ್ಕೆ ಎರಡು ಸಲ ಆಗಬೇಕು, ಫಲಿತಾಂಶ ಕನ್ನಡದಲ್ಲಿ ಪಂಚಾಯತಿನ ಗೋಡೆಗೆ ಅಂಟಿಸಬೇಕು. ಅನುಮತಿ ಕೊಟ್ಟರೆ ಎರಡು ವರ್ಷಕ್ಕೆ ಮಾತ್ರ, ಲೆಕ್ಕ ನೋಡಿ ಮುಂದುವರಿಸಬೇಕು. ಆಶಾದವರ ಲೆಕ್ಕ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಬೇಕು. ಗೋದಾಮಿನಲ್ಲಿ ಉಳಿದ ಎಂಡೋಸಲ್ಫಾನ್ ಬಗ್ಗೆ, ಮಿಂಚಿಪದವಿನ ಬಾವಿಯಲ್ಲಿ ಹೂತಿದ್ದಾರೆ ಎಂಬ ದೂರಿನ ಬಗ್ಗೆ ಬೇರೆಯೇ ಅರ್ಜಿ ಹಾಕೋಣ. ಅದನ್ನು ಇದರ ಜೊತೆ ಸೇರಿಸಿದರೆ ಎರಡೂ ಮುಂದೆ ಹೋಗದೆ ಅಲ್ಲೇ ನಿಂತುಬಿಡುತ್ತವೆ.

ನೀರಿನ ಪರೀಕ್ಷೆಗೆ ಶಾಲೆಯ ಲ್ಯಾಬ್ ಸಾಕಾಗುತ್ತದಾ ಟೀಚರೇ?

ಕುಂಬಳೆಯ ಸೈನ್ಸ್ ಟೀಚರ್:

ಕೇರಳ ಸರ್ಕಾರದ ಹರಿತ ಕೇರಳ ಮಿಷನ್ ಕಡೆಯಿಂದ ಕೆಲವು ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ನೀರಿನ ಲ್ಯಾಬ್ ಮಾಡಿದ್ದಾರೆ. ಹುಳಿ, ಉಪ್ಪು, ನೈಟ್ರೇಟ್, ಕೋಲಿಫಾರ್ಮ್ ಇಂಥದ್ದನ್ನು ಅಲ್ಲಿ ನೋಡಬಹುದು. ಕೀಟನಾಶಕ ಆಗುವುದಿಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ಇರುವ ದೊಡ್ಡ ಲ್ಯಾಬೇ ಬೇಕು, ಖರ್ಚೂ ಜಾಸ್ತಿ. ಆ ಖರ್ಚನ್ನು ಡ್ರೋನ್ ಯೋಜನೆಯ ದುಡ್ಡಿನಿಂದಲೇ ಕೊಡಬೇಕು ಎಂದು ಬೇಡಿಕೆಯಲ್ಲಿ ಸೇರಿಸಿ. ಸ್ಯಾಂಪಲ್ ತೆಗೆಯುವುದನ್ನು ನನ್ನ ಮಕ್ಕಳು ಕಲಿಯುತ್ತಾರೆ. ಪೆರ್ಲದ ಅಣ್ಣ ಸುರಂಗಗಳ ಪಟ್ಟಿ ಕೊಟ್ಟರೆ ಮಳೆ ಶುರುವಾಗುವ ಮೊದಲೇ ಒಂದು ಸುತ್ತು ಮುಗಿಸಬಹುದು.

ಉಪ್ಪಳದ ಹುಡುಗಿ, ಈಗ ಬೆಂಗಳೂರು:

ಟೀಚರೇ, ಕೀಟನಾಶಕದ ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ ತೆಗೆಯಬೇಡಿ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಪ್ರಮಾಣ ಕಡಿಮೆ ತೋರಿಸುತ್ತದೆ. ಕಂದು ಗಾಜಿನ ಬಾಟಲಿ ಬೇಕು. ಬಿಸಿಲು ತಾಗದ ಹಾಗೆ ಐಸ್ ಪೆಟ್ಟಿಗೆಯಲ್ಲಿ ಇಟ್ಟು ಬೇಗ ಕಳಿಸಬೇಕು. ಮೇಲೆ ಜಾಗ, ತಾರೀಖು, ಗಂಟೆ, ಹಿಂದಿನ ವಾರ ಸುತ್ತ ಯಾರಾದರೂ ಮದ್ದು ಬಿಟ್ಟಿದ್ದಾರಾ ಎಂದು ಬರೆಸಿ. ಮದ್ದು ಬೀಳದ ಕಡೆಯ ಎರಡು ಸುರಂಗವೂ ಪಟ್ಟಿಯಲ್ಲಿ ಇರಲಿ, ಹೋಲಿಸಲು ಬೇಕಾಗುತ್ತದೆ. ಫಾರಂ ಕನ್ನಡದಲ್ಲಿ ನಾನು ಮಾಡಿ ಕಳಿಸುತ್ತೇನೆ.